ಏಳು ಕರಡು, ಒಂದು ಸಾಲು

ಭಾಷಣ ಬರೆಯಲು ಹೊರಟವನ ಕೈಗೆ ಬರೆಯಬಾರದ್ದರ ಪಟ್ಟಿಯೇ ಮೊದಲು ಸಿಕ್ಕಿತು.

1987ರ ಏಪ್ರಿಲ್. ಬರ್ಲಿನ್ ನಗರಕ್ಕೆ 750 ತುಂಬಿದ ವರ್ಷ. ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಪಶ್ಚಿಮ ಬರ್ಲಿನ್‌ಗೆ ಬಂದು ಕಮ್ಯುನಿಸ್ಟ್ ಪೂರ್ವ ಜರ್ಮನಿ ಕಟ್ಟಿದ್ದ ಬರ್ಲಿನ್ ಗೋಡೆಯ ಮುಂದೆ ನಿಂತು ಮಾತಾಡುವುದೆಂದು ನಿಗದಿಯಾಗಿತ್ತು. ಭದ್ರತೆ, ವೇದಿಕೆ, ಟಿವಿ ಕ್ಯಾಮೆರಾ ಎಲ್ಲಿಡಬೇಕು ಎಂದು ನೋಡಲು ಬಂದಿದ್ದ ಮುಂಗಡ ತಂಡದ ಜೊತೆ ಪೀಟರ್ ರಾಬಿನ್ಸನ್ ಎಂಬ ಮೂವತ್ತರ ಯುವಕನೂ ಬಂದಿದ್ದ. ಶ್ವೇತಭವನದಲ್ಲಿ ಮೊದಲು ಉಪಾಧ್ಯಕ್ಷ ಜಾರ್ಜ್ ಬುಷ್ ಅವರಿಗೆ, 1983ರಿಂದ ರೇಗನ್ ಅವರಿಗೆ ಭಾಷಣ ಬರೆಯುತ್ತಿದ್ದವನು. ಅವನಿಗೆ ಹೇಳಿದ್ದು ಇಷ್ಟೇ: ಗೋಡೆಯ ಮುಂದೆ ಮಾತಾಡುತ್ತಾರೆ, ಹತ್ತು ಸಾವಿರ ಜನ ಸೇರಬಹುದು, ವಿಷಯ ವಿದೇಶಾಂಗ ನೀತಿ.

ಪಶ್ಚಿಮ ಬರ್ಲಿನ್‌ನಲ್ಲಿದ್ದ ಅಮೆರಿಕದ ಹಿರಿಯ ರಾಜತಾಂತ್ರಿಕ ಜಾನ್ ಕಾರ್ನ್‌ಬ್ಲಮ್ ಅವರನ್ನು ರಾಬಿನ್ಸನ್ ಕಂಡ. ಅವರು ಕೊಟ್ಟದ್ದೇ ಆ ಪಟ್ಟಿ. ಇಲ್ಲಿನ ಜನ ಎಡಪಂಥದ ಕಡೆಗೆ ವಾಲಿದವರು, ನಯ-ನಾಜೂಕು ಬಲ್ಲವರು. ಅಧ್ಯಕ್ಷರು ಸೋವಿಯತ್ ವಿರೋಧಿ ಅಬ್ಬರ ಮಾಡುವುದು ಬೇಡ. ಗೋಡೆಯ ಬಗ್ಗೆ ಗದ್ದಲ ಬೇಡವೇ ಬೇಡ, ಜನ ಅದಕ್ಕೆ ಒಗ್ಗಿಹೋಗಿದ್ದಾರೆ. ಅದರ ಬದಲು ಬರ್ಲಿನ್‌ಗೆ ಇನ್ನಷ್ಟು ವಿಮಾನ ಸಂಪರ್ಕ, ಅಂತರರಾಷ್ಟ್ರೀಯ ಸಮ್ಮೇಳನಗಳು, ಇಂಥದ್ದನ್ನು ಹೇಳಲಿ.

ಇದು ರಾಬಿನ್ಸನ್ ಹೇಳುವ ಕಥೆ. ಕಾರ್ನ್‌ಬ್ಲಮ್ ಇದನ್ನು ಹೀಗೆಯೇ ಒಪ್ಪಿರಲಿಲ್ಲ. ಆ ಭಾಷಣದಲ್ಲಿ ತಮ್ಮ ಪಾಲೂ ಇದೆ ಎಂಬುದು ಅವರ ವಾದವಾಗಿತ್ತು. ಈ ಪ್ರಕರಣದ ಒಳಮನೆಯ ವಿವರಗಳಲ್ಲಿ ಹೆಚ್ಚಿನವು ಬರೆದವನ ನೆನಪಿನಿಂದಲೇ ಬಂದಿವೆ ಎನ್ನುವುದನ್ನು ಓದುವವರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆದರೂ 'ಈ ಗೋಡೆ ಕೆಡವಿ' ಎಂಬ ಸಾಲಿನ ಈ ಕಥೆಯನ್ನೇ ನಾನು ಆರಿಸಿಕೊಂಡೆ. ನಾಯಕರು ಮಾತಾಡಿ ಮುಗಿಸಿದ ಮೇಲೆ ಕರಡುಗಳು ಪತ್ರಾಗಾರ ಸೇರುತ್ತವೆ, ಇಲ್ಲವೇ ಕಸದ ಬುಟ್ಟಿ. ಒಂದು ಸಾಲು ಎಲ್ಲಿ ಹುಟ್ಟಿತು, ಯಾರು ಯಾರು ಅದಕ್ಕೆ ಅಡ್ಡ ಬಂದರು, ಹೇಗೆ ಬದುಕಿತು ಎಂಬುದು ಇಷ್ಟು ಪೂರ್ತಿಯಾಗಿ ಕಾಣುವ ಪ್ರಕರಣ ಅಪರೂಪ.

ಊಟದ ಮನೆ

ಕಚೇರಿಯಿಂದ ಹೊರಬಿದ್ದವನನ್ನು ಅಮೆರಿಕದ ಸೇನೆಯ ಹೆಲಿಕಾಪ್ಟರ್ ಗೋಡೆಯ ಮೇಲೆ ಹಾರಿಸಿಕೊಂಡು ಹೋಯಿತು. 1961ರ ಆಗಸ್ಟ್ 13ರಂದು ಮುಳ್ಳುತಂತಿಯಾಗಿ ಶುರುವಾದದ್ದು ಅಷ್ಟು ಹೊತ್ತಿಗೆ ಪಶ್ಚಿಮ ಬರ್ಲಿನ್ ಸುತ್ತ ಸುಮಾರು 155 ಕಿಲೋಮೀಟರ್ ಉದ್ದದ ಏರ್ಪಾಡಾಗಿ ಬೆಳೆದಿತ್ತು. ಪಶ್ಚಿಮದ ರಸ್ತೆಯಲ್ಲಿ ನಿಂತವರಿಗೆ ಅದು ಬಣ್ಣಬಣ್ಣದ ಗೀಚುಬರಹ ತುಂಬಿದ ಕಾಂಕ್ರೀಟು. ಮೇಲಿನಿಂದ ನೋಡಿದಾಗ ಅದರಾಚೆಯದ್ದು ಕಂಡಿತು: ಕಾವಲು ಗೋಪುರಗಳು, ನಾಯಿ ಓಡಾಡುವ ಪಟ್ಟಿ, ಮುಳ್ಳುತಂತಿ, ಹಲುಬೆಯಿಂದ ಎಳೆದು ಸಮ ಮಾಡಿದ ಜಲ್ಲಿ. ಅದನ್ನು ಅಷ್ಟು ಓರಣವಾಗಿ ಇಟ್ಟದ್ದು ಹೆಜ್ಜೆಗುರುತು ಮೂಡಲಿ ಎಂದು. ಯಾರಾದರೂ ದಾಟಿದ್ದರೆ ಕಾವಲಿನ ಹುಡುಗ ಬೆಳಿಗ್ಗೆ ಮೇಲಿನವರಿಗೆ ಉತ್ತರ ಕೊಡಬೇಕು.

ಸಂಜೆ ತಂಡದವರನ್ನು ಬಿಟ್ಟು ರಾಬಿನ್ಸನ್ ಒಬ್ಬನೇ ಒಂದು ಮನೆಯ ಊಟಕ್ಕೆ ಹೋದ. ಕರೆದವರು ವಾಷಿಂಗ್ಟನ್‌ನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಊರಿಗೆ ಮರಳಿದ್ದ ಜರ್ಮನ್ ದಂಪತಿ. ಬೇರೆ ಬೇರೆ ವೃತ್ತಿಯ ಹತ್ತು ಹದಿನೈದು ಮಂದಿ ಬರ್ಲಿನ್‌ನವರೂ ಬಂದಿದ್ದರು. ಹವೆ, ವೈನ್, ಮನೆ ಬಾಡಿಗೆ ಎಂದು ಮಾತು ಸಾಗುತ್ತಿತ್ತು. ರಾಬಿನ್ಸನ್ ನೇರವಾಗಿ ಕೇಳಿಬಿಟ್ಟ: ನೀವೆಲ್ಲ ಗೋಡೆಗೆ ಒಗ್ಗಿಹೋಗಿದ್ದೀರಂತೆ, ಹೌದೇ?

ಯಾರೂ ಮಾತಾಡಲಿಲ್ಲ. ಕೇಳಬಾರದ್ದು ಕೇಳಿದೆನೇ ಎಂದು ಅವನಿಗೆ ಅಳುಕಾಯಿತಂತೆ. ಆಮೇಲೆ ಒಬ್ಬರು ಕೈ ಚಾಚಿ ತೋರಿಸಿದರು. ಆ ದಿಕ್ಕಿನಲ್ಲಿ 20 ಮೈಲಿ ದೂರದಲ್ಲಿ ನನ್ನ ತಂಗಿ ಇದ್ದಾಳೆ, ನೋಡಿ ಇಪ್ಪತ್ತು ವರ್ಷದ ಮೇಲಾಯಿತು, ಅದಕ್ಕೆ ಒಗ್ಗುವುದಾಗುತ್ತದೆಯೇ? ಇನ್ನೊಬ್ಬರು ದಿನಾ ಕೆಲಸಕ್ಕೆ ನಡೆದು ಹೋಗುವ ದಾರಿಯಲ್ಲಿ ಒಂದು ಗೋಪುರ. ಅದೇ ಸೈನಿಕ ದುರ್ಬೀನಿನಲ್ಲಿ ಇವರನ್ನೇ ನೋಡುತ್ತಾನೆ. ನಮ್ಮಿಬ್ಬರ ಭಾಷೆ ಒಂದೇ, ಚರಿತ್ರೆ ಒಂದೇ, ಆದರೆ ಒಬ್ಬ ಮೃಗಾಲಯದ ಕಾವಲುಗಾರ, ಇನ್ನೊಬ್ಬ ಬೋನಿನೊಳಗಿನ ಪ್ರಾಣಿ, ಯಾರು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಎಂದರು ಅವರು.

ಕೊನೆಗೆ ಸಿಡಿದವರು ಮನೆಯೊಡತಿ. ಸೌಜನ್ಯದ ಹೆಂಗಸು, ಮುಖ ಕೆಂಪಾಗಿತ್ತು. ಒಂದು ಕೈಯ ಮುಷ್ಟಿಯನ್ನು ಇನ್ನೊಂದು ಅಂಗೈಗೆ ಗುದ್ದಿ ಹೇಳಿದರು: ಈ ಗೊರ್ಬಚೇವ್ ಎಂಬ ಮನುಷ್ಯ (ಸೋವಿಯತ್ ಒಕ್ಕೂಟದ ನಾಯಕ) ಗ್ಲಾಸ್ನೊಸ್ತ್ (ಮುಕ್ತತೆ), ಪೆರೆಸ್ತ್ರೊಯಿಕಾ (ಪುನರ್ರಚನೆ) ಎಂದು ಆಡುತ್ತಿರುವ ಮಾತು ನಿಜವೇ ಆದರೆ ತೋರಿಸಲಿ. ಈ ಗೋಡೆಯನ್ನು ತೆಗೆಯಲಿ.

ರಾಬಿನ್ಸನ್ ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಇಂಥ ಮಾತು ರೇಗನ್‌ಗೆ ಹಿಡಿಸುತ್ತದೆ ಎಂದು ಅವನಿಗೆ ಆ ಕ್ಷಣವೇ ಅನ್ನಿಸಿತು. ಸೊಗಸಾಗಿ ಬರೆಯುವವರು ಆ ಕಚೇರಿಯಲ್ಲಿ ಇನ್ನೂ ಇದ್ದರು. ಇವನು ಮಾಡಿದ್ದು ಕೇಳಿಸಿಕೊಳ್ಳುವ ಕೆಲಸ. ಅದೂ ಎರಡು ಕಿವಿಯಿಂದ: ಒಂದು ಮೇಜಿನ ಸುತ್ತ ಕೂತವರ ಕಡೆಗೆ, ಇನ್ನೊಂದು ಮಾತಾಡಬೇಕಾದವರ ಕಡೆಗೆ.

ಆ ಎರಡನೆಯ ಕಿವಿ ತಪ್ಪು ಕೇಳಿರಲಿಲ್ಲ. 1967ರ ಮೇ 15ರಂದು, ಕ್ಯಾಲಿಫೋರ್ನಿಯಾದ ಹೊಸ ಗವರ್ನರ್ ಆಗಿದ್ದ ರೇಗನ್ ಸಿಬಿಎಸ್ ಟಿವಿಯಲ್ಲಿ ರಾಬರ್ಟ್ ಕೆನಡಿ ಜೊತೆ ಚರ್ಚೆಗೆ ಕೂತಿದ್ದರು. ಬರ್ಲಿನ್ ಗೋಡೆ ಇಲ್ಲವಾದರೆ ಒಳ್ಳೆಯದು ಎಂದು ಅಲ್ಲೇ ಹೇಳಿದ್ದರು. ಸರಿಯಾಗಿ ಇಪ್ಪತ್ತು ವರ್ಷ ಕಳೆದು, ಅದೇ ಮೇ 15ರಂದು ರಾಬಿನ್ಸನ್‌ನ ಕರಡು ಅಧ್ಯಕ್ಷರ ಮೇಜಿಗೆ ಹೋಯಿತು. ಕಾಕತಾಳೀಯ, ಬೇರೇನಲ್ಲ.

ಕ್ರಿಯಾಪದ ಹುಡುಕಾಟ

ಕರಡು ಸಲೀಸಾಗಿ ಬರಲಿಲ್ಲ. ಭಾಷಣ ಬರೆಯುವವರ ಮುಖ್ಯಸ್ಥರಾಗಿದ್ದ ಟೋನಿ ಡೋಲನ್‌ಗೆ ಊಟದ ಮನೆಯ ಕಥೆ ಹೇಳಿದ್ದೇ ಅವರು ಒಪ್ಪಿದ್ದರು. ಇಬ್ಬರೂ ಸೇರಿ ಸಂವಹನ ನಿರ್ದೇಶಕ ಟಾಮ್ ಗ್ರಿಸ್ಕಮ್ ಅವರ ಬಳಿ ಹೋಗಿ ಅವರನ್ನೂ ಒಪ್ಪಿಸಿದ್ದರು. ವಿಚಾರ ಇತ್ತು, ವಾಕ್ಯ ಇರಲಿಲ್ಲ. ಒಮ್ಮೆ 'ಬ್ರಿಂಗ್ ಡೌನ್', ಒಮ್ಮೆ 'ಟೇಕ್ ಡೌನ್'. ಕನ್ನಡದಲ್ಲಿ ಯೋಚಿಸಿದರೆ ಇದರ ಕಷ್ಟ ತಿಳಿಯುತ್ತದೆ. ಗೋಡೆ ಇಳಿಸಿ ಎಂದರೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದ ಹಾಗೆ. ಗೋಡೆ ತೆಗೆಯಿರಿ ಎಂದರೆ ಬಾಡಿಗೆದಾರ ಮನೆಯ ಯಜಮಾನನಿಗೆ ಅರ್ಜಿ ಕೊಟ್ಟ ಹಾಗೆ. ಕೆಡವಿ ಎಂದಾಗ ಮಾತ್ರ ಇಟ್ಟಿಗೆ ಬಿದ್ದ ಸದ್ದು ಕೇಳುತ್ತದೆ. ಇಂಗ್ಲಿಷಿನಲ್ಲಿ 'ಟೇರ್ ಡೌನ್' ಆ ಸದ್ದು.

ಅಲ್ಲಿಗೆ ತಲುಪುವ ಮೊದಲು ರಾಬಿನ್ಸನ್ ಒಂದು ಅಡ್ಡದಾರಿ ಹಿಡಿದ. ಕೇಳುವವರು ಜರ್ಮನ್ನರು, ಹಾಗಾಗಿ ಮುಖ್ಯ ಸಾಲನ್ನೇ ಜರ್ಮನ್‌ನಲ್ಲಿ ಬರೆದ: 'ಹೆರ್ ಗೊರ್ಬಚೇವ್, ಮಾಖೆನ್ ಸೀ ಡೀಸೆಸ್ ಟೋರ್ ಔಫ್', ಗೊರ್ಬಚೇವ್ ಅವರೇ, ಈ ದ್ವಾರ ತೆರೆಯಿರಿ. 1963ರಲ್ಲಿ ಅದೇ ನಗರದಲ್ಲಿ ಅಧ್ಯಕ್ಷ ಜಾನ್ ಕೆನಡಿ ಆಡಿದ ನಾಲ್ಕು ಜರ್ಮನ್ ಪದಗಳು, 'ಇಷ್ ಬಿನ್ ಐನ್ ಬರ್ಲಿನರ್' (ನಾನೊಬ್ಬ ಬರ್ಲಿನ್‌ನವನು), ತಲೆಯಲ್ಲಿ ಗುಂಯ್‌ಗುಡುತ್ತಿದ್ದಿರಬೇಕು. ಡೋಲನ್ ತಲೆಯಾಡಿಸಿ, ಅಮೆರಿಕದ ಅಧ್ಯಕ್ಷರಿಗೆ ಬರೆಯುವಾಗ ಅವರ ದೊಡ್ಡ ಸಾಲನ್ನು ಇಂಗ್ಲಿಷಿನಲ್ಲಿ ಕೊಡು ಮಾರಾಯ ಎಂಬರ್ಥದ ಮಾತು ಹೇಳಿದರು. ಭಾಷಣ ಬರೆಯುವವರೆಲ್ಲ ಒಮ್ಮೆಯಾದರೂ ಜಾರುವ ಜಾಗ ಇದು. ನಮ್ಮಲ್ಲೂ ಮಂಗಳೂರಿಗೆ ಹೋದವರಿಂದ ಎರಡು ತುಳು ವಾಕ್ಯ, ಕೊಡಗಿಗೆ ಹೋದವರಿಂದ ಒಂದು ಕೊಡವ ವಾಕ್ಯ ಆಡಿಸುತ್ತೇವೆ. ಚಪ್ಪಾಳೆ ಬೀಳುತ್ತದೆ. ಆದರೆ ಅದು ಶುಭಾಶಯಕ್ಕೆ ಸಾಕು. ಬಾಯಿಪಾಠ ಮಾಡಿದ ಭಾಷೆಯಲ್ಲಿ ಯಾರೂ ಸಿಟ್ಟಾಗಲಾರರು.

ಮೇ 18ರ ಸೋಮವಾರ ಭಾಷಣ ಬರೆಯುವವರು ಓವಲ್ ಆಫೀಸಿನಲ್ಲಿ ರೇಗನ್ ಎದುರು ಕೂತರು. ಇಡೀ ಪ್ರವಾಸದ ಭಾಷಣಗಳ ಚರ್ಚೆ. ಬರ್ಲಿನ್‌ದು ಬಂದಾಗ ರೇಗನ್, ಚೆನ್ನಾಗಿದೆ ಎಂದು ಸುಮ್ಮನಾದರು. ಇಂಥ ಹೊಗಳಿಕೆ ಬರೆಯುವವನಿಗೆ ಯಾವ ಪ್ರಯೋಜನಕ್ಕೂ ಬಾರದು. ನಾಳೆ ಯಾರೋ ಒಂದು ಪ್ಯಾರಾ ಹೊಡೆದುಹಾಕಿದರೆ ಅಧ್ಯಕ್ಷರಿಗೆ ಅದು ಬೇಕಿತ್ತು ಎನ್ನಲು ಆಧಾರವೇ ಇರುವುದಿಲ್ಲ. ರಾಬಿನ್ಸನ್ ಒಂದು ಪ್ರಶ್ನೆ ಹಾಕಿದ: ಸರ್, ಭಾಷಣ ರೇಡಿಯೊದಲ್ಲಿ ಪೂರ್ವ ಜರ್ಮನಿಗೂ ಕೇಳಿಸುತ್ತದಂತೆ. ಗೋಡೆಯ ಆಚೆ ಇರುವವರಿಗೆ ಏನಾದರೂ ಹೇಳಬೇಕೆಂದಿದೆಯೇ?

ರೇಗನ್ ತುಸು ಯೋಚಿಸಿದರು. ಗೋಡೆ ಕೆಡವುವ ಆ ಭಾಗ ಇದೆಯಲ್ಲ, ಆ ಗೋಡೆ ಬೀಳಲೇಬೇಕು, ಅವರಿಗೆ ನಾನು ಹೇಳಬೇಕಾದ್ದು ಅದೇ, ಎಂದರು.

ನನಗೆ ಈ ಪ್ರಕರಣದಲ್ಲಿ ಆ ಪ್ರಶ್ನೆ ಆ ಪ್ರಸಿದ್ಧ ಸಾಲಿಗಿಂತ ದೊಡ್ಡದಾಗಿ ಕಾಣುತ್ತದೆ. ಕೇಳಿದ್ದು ಒಬ್ಬ ನೌಕರ, ಕೇಳಿದ್ದು ವಿನಯದಿಂದ, ಆದರೆ ಉತ್ತರ ಬಂದ ಗಳಿಗೆಯಿಂದ ಆ ಸಾಲು ಅವನದಾಗಿ ಉಳಿಯಲಿಲ್ಲ. ಅಧ್ಯಕ್ಷರದಾಯಿತು. ಮುಂದಿನ ಮೂರು ವಾರ ಅದು ಬದುಕಿದ್ದು ಇದೊಂದೇ ಆಸರೆಯಿಂದ.

ಕರಡು ಇಲಾಖೆಗಳ ಸುತ್ತು ಹೊರಟಿತು

ಅಧ್ಯಕ್ಷರ ಪ್ರತಿ ಭಾಷಣವೂ ಸಂಬಂಧಪಟ್ಟ ಇಲಾಖೆಗಳಿಗೆ ಅಭಿಪ್ರಾಯಕ್ಕಾಗಿ ಹೋಗಬೇಕು. ವಿಧಾನಸೌಧದ ಕಡತಗಳಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೋದ ಕರಡು ಷರಾ ಹೊತ್ತುಕೊಂಡೇ ಹಿಂದಿರುಗುತ್ತದೆ. ಬರ್ಲಿನ್ ಕರಡಿಗೆ ವಿದೇಶಾಂಗ ಇಲಾಖೆ ಮತ್ತು ರಾಷ್ಟ್ರೀಯ ಭದ್ರತಾ ಮಂಡಳಿ ಎರಡೂ ತಿರುಗಿಬಿದ್ದವು. ಸಾಲು ಬಾಲಿಶ, ಒರಟು, ಅನಗತ್ಯ ಕೆಣಕು, ಜನರಲ್ಲಿ ಸುಳ್ಳು ಆಸೆ ಹುಟ್ಟಿಸುತ್ತದೆ. ರಾಬಿನ್ಸನ್ ಲೆಕ್ಕದಲ್ಲಿ ಕಡಿಮೆಯೆಂದರೂ ಏಳು ಬದಲಿ ಕರಡುಗಳು ಬಂದವು. ಏಳರಲ್ಲೂ ಆ ಸಾಲು ಇರಲಿಲ್ಲ.

ಇಲ್ಲಿ ಭಾಷಣ ಬರೆದವರ ಪಕ್ಷ ವಹಿಸಿ ಇಲಾಖೆಯವರನ್ನು ಗೇಲಿ ಮಾಡುವುದು ಸುಲಭ. ಅವರ ಚಿಂತೆ ಪೊಳ್ಳಾಗಿರಲಿಲ್ಲ. ಎಂಟು ತಿಂಗಳ ಹಿಂದಷ್ಟೇ ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಿ ರೇಗನ್–ಗೊರ್ಬಚೇವ್ ಮಾತುಕತೆ ಒಪ್ಪಂದದ ಹೊಸ್ತಿಲವರೆಗೆ ಬಂದು ಮುರಿದಿತ್ತು. ಮಧ್ಯಮ ವ್ಯಾಪ್ತಿಯ ಅಣ್ವಸ್ತ್ರ ಕ್ಷಿಪಣಿಗಳ ಬಗ್ಗೆ ಸಂಧಾನ ನಡೆಯುತ್ತಲೇ ಇತ್ತು. ಮಾಸ್ಕೊದಲ್ಲಿ ಹಳೇ ತಲೆಗಳ ನಡುವೆ ಸುಧಾರಣೆ ಮಾಡಲು ಒದ್ದಾಡುತ್ತಿದ್ದವನನ್ನು ಜಗತ್ತಿನೆದುರು ಹೆಸರು ಹಿಡಿದು ಕರೆದು ಸವಾಲು ಹಾಕಿದರೆ ಲಾಭ ಯಾರಿಗೆ? ನಾನು ಆ ಮೇಜಿನಲ್ಲಿ ಕೂತಿದ್ದರೆ ಅದೇ ಷರಾ ಬರೆಯುತ್ತಿದ್ದೆನೇನೊ.

ಆದರೆ ಅವರು ಸೂಚಿಸಿದ ಬದಲಿ ಸಾಲು ನೋಡಿ. ಒಂದರಲ್ಲಿ ಹೀಗಿತ್ತು: ಒಂದಲ್ಲ ಒಂದು ದಿನ ಈ ಕುರೂಪಿ ಗೋಡೆ ಇಲ್ಲವಾಗುತ್ತದೆ. ಸಾಲಿನಲ್ಲಿ ತಪ್ಪೇನಿಲ್ಲ, ಗೋಡೆಯನ್ನು ಬೈದದ್ದೂ ಆಯಿತು. ಕಾಣೆಯಾದದ್ದು ಯಾರು ಎಂಬುದು ಮಾತ್ರ. ಯಾರು ಕೆಡವಬೇಕು, ಯಾವತ್ತು, ಯಾರಿಗೆ ಹೇಳುತ್ತಿದ್ದೇವೆ? ನಮ್ಮ ಕಚೇರಿಗಳ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯದ ಅಮೆರಿಕದ ಅಣ್ಣ ಇದು. ಅಲ್ಲೂ ಕರ್ತೃಪದ ಮಾಯ. ಪ್ರತಿ ವರ್ಷ ರಾಜ್ಯಪಾಲರು 'ನನ್ನ ಸರ್ಕಾರವು' ಎಂದು ಶುರು ಮಾಡಿ ಓದುವ ಭಾಷಣ ಕೇಳಿ. ಒಂದೊಂದು ಇಲಾಖೆ ಕಳಿಸಿದ ಒಂದೊಂದು ಪ್ಯಾರಾ ಎದ್ದು ಕಾಣುತ್ತದೆ. 'ಕಟಿಬದ್ಧ', 'ಸರ್ವಾಂಗೀಣ', 'ಆದ್ಯತೆಯ ಮೇರೆಗೆ'. ಬರೆದ ಯಾರಿಗೂ ನಾಳೆ ತೊಂದರೆಯಾಗದಂತೆ ಬರೆದ ವಾಕ್ಯಗಳು.

ವಾಷಿಂಗ್ಟನ್‌ನ ಜಗಳವನ್ನು ಧೈರ್ಯವಂತರಿಗೂ ಪುಕ್ಕಲರಿಗೂ ನಡೆದ ಜಗಳವೆಂದು ಹೇಳುವವರಿದ್ದಾರೆ. ನನಗೆ ಅದು ಬಹುಮಟ್ಟಿಗೆ ವ್ಯಾಕರಣದ ಜಗಳವಾಗಿ ಕಾಣುತ್ತದೆ. ರಾಬಿನ್ಸನ್ ಸಾಲಿನಲ್ಲಿ ಮೂರೇ ಸಂಗತಿ: ಒಂದು ಹೆಸರು, ಒಂದು ಆಜ್ಞೆ, 'ಈ' ಎಂದು ಬೆರಳು ಮಾಡಿ ತೋರಿಸಬಹುದಾದ ಒಂದು ವಸ್ತು. ಏಳು ಕರಡುಗಳೂ ಮೊದಲ ಎರಡನ್ನು ಕಿತ್ತು ಮೂರನೆಯದನ್ನು ಉಳಿಸಿಕೊಡಲು ಸಿದ್ಧವಿದ್ದವು.

ರಾಷ್ಟ್ರೀಯ ಭದ್ರತಾ ಉಪ ಸಲಹೆಗಾರ ಕಾಲಿನ್ ಪೊವೆಲ್, ಇನ್ನೂ ಸಮವಸ್ತ್ರದ ಜನರಲ್, ರಾಬಿನ್ಸನ್‌ಗೆ ಮುಖಾಮುಖಿ ವಾದ ಹಾಕಿದರು. ಇವನೂ ಅಷ್ಟೇ ಜೋರಾಗಿ ಉತ್ತರ ಕೊಟ್ಟನಂತೆ, ಕೊಟ್ಟ ಮೇಲೆ ತನ್ನ ಬಗ್ಗೆ ತನಗೇ ಆಶ್ಚರ್ಯವಾಯಿತಂತೆ. ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಹೊವರ್ಡ್ ಬೇಕರ್‌ಗೆ ಸಾಲು ಅಧ್ಯಕ್ಷರ ಘನತೆಗೆ ತಕ್ಕದ್ದೆನಿಸಲಿಲ್ಲ. ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಶುಲ್ಟ್ಸ್ ಅವರದೂ ಆಕ್ಷೇಪ. ಇಷ್ಟು ದೊಡ್ಡವರ ಎದುರು ಮೂವತ್ತರ ಹುಡುಗನ ಸಾಲು ಉಳಿಯಲು ಕಾರಣ ಗ್ರಿಸ್ಕಮ್ ಪ್ರತಿಸಲ ಅಧ್ಯಕ್ಷರಿಗೆ ಇದು ಇಷ್ಟವಾಗಿದೆ ಎಂದು ಹೇಳಲು ಸಾಧ್ಯವಿದ್ದದ್ದು. ಮೇ 18ರ ಆ ಪ್ರಶ್ನೆ ಕೆಲಸಕ್ಕೆ ಬಂದದ್ದು ಇಲ್ಲಿ.

ಜೂನ್ ಮೊದಲ ವಾರ ಪ್ರವಾಸ ಹೊರಟಿತು. ವೆನಿಸ್‌ನ ಆರ್ಥಿಕ ಶೃಂಗಸಭೆಗೆ ಮುಂಚೆ ರೇಗನ್ ಇಟಲಿಯಲ್ಲಿ ತಂಗಿದ್ದಾಗ ಆಕ್ಷೇಪ ಮತ್ತೆ ಎದ್ದಿತು. ಸಿಬ್ಬಂದಿ ಉಪ ಮುಖ್ಯಸ್ಥ ಕೆನ್ ಡುಬರ್‌ಸ್ಟೈನ್ ಒಂದು ತೋಟದಲ್ಲಿ ಅಧ್ಯಕ್ಷರನ್ನು ಕೂರಿಸಿ ಎರಡೂ ಕಡೆಯ ವಾದ ಮುಂದಿಟ್ಟು ಆ ಭಾಗವನ್ನು ಮತ್ತೆ ಓದಿಸಿದರು. ಆಮೇಲೆ ನಡೆದ ಸಂಭಾಷಣೆಯನ್ನು ಡುಬರ್‌ಸ್ಟೈನ್ ಹೇಳಿದ ಹಾಗೆ ಕೊಡುತ್ತೇನೆ.

'ಅಧ್ಯಕ್ಷ ನಾನೇ ತಾನೇ?'

'ಹೌದು ಸರ್, ಅದರಲ್ಲಿ ಅನುಮಾನವಿಲ್ಲ.'

'ಹಾಗಾದರೆ ಆ ಸಾಲು ಇರಬೇಕೋ ಬೇಡವೋ ಎನ್ನುವುದು ನನ್ನ ತೀರ್ಮಾನ?'

'ನಿಮ್ಮದೇ ತೀರ್ಮಾನ ಸರ್.'

'ಹಾಗಾದರೆ ಅದು ಇರಲಿ.'

ಜೂನ್ 12ರಂದು ಬರ್ಲಿನ್‌ನಲ್ಲಿ ಕಾರಿನೊಳಗೆ ರೇಗನ್ ಅದೇ ಡುಬರ್‌ಸ್ಟೈನ್ ಕಡೆ ತಿರುಗಿ, ವಿದೇಶಾಂಗ ಇಲಾಖೆಯ ಹುಡುಗರು ನನ್ನನ್ನು ಕೊಂದೇಬಿಡುತ್ತಾರೆ, ಆದರೂ ಇದೇ ಸರಿ, ಎಂದು ನಕ್ಕರಂತೆ.

ಆ ಮಧ್ಯಾಹ್ನ

ಹಿಂದೆ ಬ್ರಾಂಡೆನ್‌ಬರ್ಗ್ ದ್ವಾರ, ಅದಕ್ಕೂ ವೇದಿಕೆಗೂ ನಡುವೆ ಗೋಡೆ, ಪೂರ್ವದಿಂದ ಯಾರಾದರೂ ಗುಂಡು ಹಾರಿಸಿದರೆ ಎಂದು ರೇಗನ್ ಬೆನ್ನ ಹಿಂದೆ ಗುಂಡು ನಿರೋಧಕ ಗಾಜು. ಪಕ್ಕದಲ್ಲಿ ಚಾನ್ಸಲರ್ ಹೆಲ್ಮುಟ್ ಕೋಲ್. ಹಿಂದಿನ ದಿನವೇ ಪಶ್ಚಿಮ ಬರ್ಲಿನ್‌ನಲ್ಲಿ ರೇಗನ್ ವಿರುದ್ಧ ಭಾರೀ ಮೆರವಣಿಗೆ ನಡೆದಿತ್ತು. ಆ ಮಟ್ಟಿಗೆ ಕಾರ್ನ್‌ಬ್ಲಮ್ ಎಚ್ಚರಿಕೆ ಸುಳ್ಳಾಗಲಿಲ್ಲ.

ಭಾಷಣ ಅರ್ಧ ಗಂಟೆಗೆ ಹತ್ತಿರ ಹತ್ತಿರ. ಜರ್ಮನ್ ತುಣುಕುಗಳು ಅಲ್ಲಲ್ಲಿ ಇದ್ದವು, ಸಲಿಗೆಯ ಜಾಗಗಳಲ್ಲಿ. ಪ್ರಮುಖ ಭಾಗ ಬಂದಾಗ ಇಂಗ್ಲಿಷೇ. ಪ್ರಧಾನ ಕಾರ್ಯದರ್ಶಿ ಗೊರ್ಬಚೇವ್ ಅವರೇ, ನಿಮಗೆ ಶಾಂತಿ ಬೇಕಿದ್ದರೆ, ಸೋವಿಯತ್ ಒಕ್ಕೂಟಕ್ಕೂ ಪೂರ್ವ ಯೂರೋಪಿಗೂ ಸಮೃದ್ಧಿ ಬೇಕಿದ್ದರೆ, ಉದಾರೀಕರಣ ಬೇಕಿದ್ದರೆ, ಇಲ್ಲಿಗೆ, ಈ ದ್ವಾರಕ್ಕೆ ಬನ್ನಿ. ಗೊರ್ಬಚೇವ್ ಅವರೇ, ಈ ದ್ವಾರ ತೆರೆಯಿರಿ. ಗೊರ್ಬಚೇವ್ ಅವರೇ, ಈ ಗೋಡೆ ಕೆಡವಿ.

ಗಮನಿಸಿದಿರಾ, ಡೋಲನ್ ತಿರಸ್ಕರಿಸಿದ್ದ ಆ ಜರ್ಮನ್ ವಾಕ್ಯ ಇಂಗ್ಲಿಷಿನ ವೇಷದಲ್ಲಿ ಮೆಟ್ಟಿಲಾಗಿ ಕೂತಿದೆ. ಮೂರು 'ಬೇಕಿದ್ದರೆ'ಗಳು ಏರಿಸುತ್ತವೆ, 'ಬನ್ನಿ' ಕರೆಯುತ್ತದೆ, 'ತೆರೆಯಿರಿ' ಕೇಳುತ್ತದೆ, 'ಕೆಡವಿ' ಬೀಳುತ್ತದೆ. ಕೊನೆಯ ಸಾಲೊಂದನ್ನೇ ತುಣುಕು ಮಾಡಿ ತೋರಿಸುವ ಟಿವಿಗಳಿಂದಾಗಿ ಈ ಏರಿಕೆ ಕಳೆದುಹೋಗಿದೆ.

ಇಲಾಖೆಗಳ ಸಲಹೆಗಳೂ ಭಾಷಣದಲ್ಲಿ ಜಾಗ ಪಡೆದಿದ್ದವು: ಬರ್ಲಿನ್‌ಗೆ ವಿಮಾನ ಸಂಪರ್ಕ, ಸಮ್ಮೇಳನಗಳು, ಪೂರ್ವ–ಪಶ್ಚಿಮ ಎರಡೂ ಬರ್ಲಿನ್‌ಗಳಲ್ಲಿ ಸೇರಿ ಒಲಿಂಪಿಕ್ಸ್. ಒಳ್ಳೆಯ ಸಲಹೆಗಳೇ. ಇವತ್ತು ಅವು ಯಾರಿಗೂ ನೆನಪಿಲ್ಲ.

ಸೋವಿಯತ್ ಒಕ್ಕೂಟದ ಟಾಸ್ ಸುದ್ದಿಸಂಸ್ಥೆ ಅದನ್ನು ಬಹಿರಂಗ ಪ್ರಚೋದನೆಯ, ಯುದ್ಧಕೋರ ಭಾಷಣ ಎಂದಿತು. ಇಲಾಖೆ ಹೆದರಿದ್ದ ಅನಾಹುತ ಮಾತ್ರ ಆಗಲಿಲ್ಲ. ಆರು ತಿಂಗಳೊಳಗೆ, ಡಿಸೆಂಬರ್ 8ರಂದು, ಗೊರ್ಬಚೇವ್ ವಾಷಿಂಗ್ಟನ್‌ಗೇ ಬಂದು ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದರು. ಹಾಗೆಂದು ಆ ಸಾಲಿನಿಂದ ಗೋಡೆ ಬಿತ್ತು ಎನ್ನುವುದೂ ಹುಡುಗಾಟವೇ. 1989ರಲ್ಲಿ ಹಂಗೆರಿ ಗಡಿ ತೆರೆಯಿತು, ಲೈಪ್‌ಜಿಗ್‌ನ ಬೀದಿಗಳಲ್ಲಿ ಸೋಮವಾರ ಸೋಮವಾರ ಜನ ಮೇಣದಬತ್ತಿ ಹಿಡಿದು ನಡೆದರು, ಗೊರ್ಬಚೇವ್ ಸೈನ್ಯ ಕಳಿಸಲಿಲ್ಲ. ಗೋಡೆ ಬಿದ್ದ ಮೇಲೆ ಟಿವಿಯವರು ಹಳೆಯ ಟೇಪು ಹುಡುಕಿದರು, ಸಾಲು ಚರಿತ್ರೆ ಸೇರಿತು.

ಚರಿತ್ರೆ ಸೇರಿದ್ದೇ ಹಕ್ಕುದಾರರೂ ಹೆಚ್ಚಿದರು. ರಾಬಿನ್ಸನ್, ಡೋಲನ್, ಗ್ರಿಸ್ಕಮ್, ಕಾರ್ನ್‌ಬ್ಲಮ್ ಒಬ್ಬೊಬ್ಬರದೂ ಒಂದೊಂದು ನೆನಪು. ಇದನ್ನು ಓದುವಾಗ ನನಗೆ ನಮ್ಮ ಎಚ್.ವೈ. ಶಾರದಾಪ್ರಸಾದ್ ನೆನಪಾಗುತ್ತಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, 1942ರ ಚಳವಳಿಯಲ್ಲಿ ಜೈಲು ಕಂಡು, ಪತ್ರಕರ್ತರಾಗಿದ್ದು, 1966ರಿಂದ ಇಂದಿರಾ ಗಾಂಧಿ ಅವರಿಗೂ ಆಮೇಲೆ ರಾಜೀವ್ ಗಾಂಧಿ ಅವರಿಗೂ ಮಾಹಿತಿ ಸಲಹೆಗಾರರಾಗಿ ಭಾಷಣಗಳ ಹಿಂದೆ ನಿಂತವರು. ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ಕೊಟ್ಟರು. ಪ್ರಧಾನಿ ಕಚೇರಿಯ ತಮ್ಮದೇ ಕಥೆಯನ್ನು ಪುಸ್ತಕವಾಗಿ ಬರೆಯಲೊಲ್ಲದೆ 2008ರಲ್ಲಿ ಹೋದರು. ಯಾವ ಸಾಲು ಅವರದು ಎಂದು ನಾವೀಗ ಊಹಿಸುತ್ತಾ ಕೂರಬೇಕು. ಓದುಗನಾಗಿ ನನಗೆ ರಾಬಿನ್ಸನ್ ಬಾಯಿಬಿಟ್ಟದ್ದು ಲಾಭ. ಕಸುಬಿನವರಲ್ಲಿ ಹೆಚ್ಚಿನವರು ಶಾರದಾಪ್ರಸಾದರ ಕಡೆಯೇ ನಿಲ್ಲುತ್ತಾರೆ.

ಗೋಡೆಯನ್ನು ನಿಜವಾಗಿ ತೆರೆದದ್ದೂ ಒಂದು ಕರಡೇ. 1989ರ ನವೆಂಬರ್ 9ರಂದು ಪೂರ್ವ ಜರ್ಮನಿಯ ನಾಲ್ವರು ಅಧಿಕಾರಿಗಳು ಕೂತು ಹೊಸ ಪ್ರಯಾಣ ನಿಯಮದ ಒಂದು ಹಾಳೆ ಬರೆದರು. ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಅದು ಪ್ರಕಟವಾಗಬಾರದೆಂದಿತ್ತು. ಪಕ್ಷದ ವಕ್ತಾರ ಗ್ಯುಂಟರ್ ಶಬೋವ್‌ಸ್ಕಿ ಆ ಚರ್ಚೆಯಲ್ಲಿ ಇರಲಿಲ್ಲ. ಸಂಜೆ ಪತ್ರಿಕಾಗೋಷ್ಠಿಗೆ ಹೊರಟಾಗ ಹಾಳೆಯನ್ನು ಕೈಗೆ ಕೊಟ್ಟರು. ನೇರ ಪ್ರಸಾರ ನಡೆಯುತ್ತಿತ್ತು. ಯಾವಾಗಿನಿಂದ ಜಾರಿ ಎಂದು ಪತ್ರಕರ್ತರು ಕೇಳಿದರು. ಶಬೋವ್‌ಸ್ಕಿ ಕನ್ನಡಕ ಹಾಕಿಕೊಂಡು ಹಾಳೆ ತಿರುವಿ, ನನಗೆ ತಿಳಿದ ಮಟ್ಟಿಗೆ ಈಗಿಂದೀಗಲೇ, ತಡವಿಲ್ಲದೆ, ಎಂದುಬಿಟ್ಟರು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಬೋರ್ನ್‌ಹೋಲ್ಮರ್ ರಸ್ತೆಯ ಗಡಿಗೇಟು ಮೇಲೆದ್ದಿತು.